ಎಣ್ಣೆಯ ಹರಿವು ನಿಂತರೆ

ಕೇಳುಗರಿಗೆ ನಮಸ್ಕಾರ. ಕುಶಾಲನಗರದ ಕಡೆ ಕಾರ್ಖಾನೆಗಳಲ್ಲಿ ದುಡಿಯುವವರು ಯಾರಾದರೂ ಕೇಳುತ್ತಿದ್ದರೆ, ಇವತ್ತಿನ ಮಾತು ಮುಖ್ಯವಾಗಿ ನಿಮಗೆ. ಪ್ಲೈವುಡ್ ಪ್ರೆಸ್ಸಿಗೆ, ಡ್ರೈಯರ್‌ಗೆ ಶಾಖ ಕೊಡುವ ಥರ್ಮಿಕ್ ಫ್ಲೂಯಿಡ್ ಹೀಟರ್, ಅಂದರೆ ಒಲೆಯಲ್ಲಿ ಎಣ್ಣೆ ಕಾಯಿಸಿ ಪಂಪಿನಿಂದ ಪೈಪುಗಳಲ್ಲಿ ಸುತ್ತಿಸುವ ಯಂತ್ರದ ಬಗ್ಗೆ ಹೇಳುತ್ತೇನೆ.

ನೀರಿನ ಆವಿಯಿಂದ 300 ಡಿಗ್ರಿ ಶಾಖ ಬೇಕೆಂದರೆ ಸುಮಾರು 85 ಬಾರ್ ಒತ್ತಡ ತಡೆಯುವ ಬಾಯ್ಲರ್ ಬೇಕು. ಕಾರಿನ ಟೈರಿನಲ್ಲಿರುವುದು ಎರಡು ಬಾರ್ ಚಿಲ್ಲರೆ. ಎಣ್ಣೆಯಾದರೆ ಅದೇ ಬಿಸಿಗೆ ಪಂಪ್ ತಳ್ಳುವಷ್ಟು ಒತ್ತಡ ಸಾಕು. ಒತ್ತಡದ ಭಯ ಕಡಿಮೆಯಾಯಿತು ನಿಜ, ಆದರೆ ಬೆಂಕಿಯ ಭಯ ಜಾಸ್ತಿಯಾಯಿತು.

ಒಲೆಯೊಳಗಿನ ಸುರುಳಿ ಪೈಪಿನಲ್ಲಿ, ಅಂದರೆ ಕಾಯಿಲ್‌ನಲ್ಲಿ ಎಣ್ಣೆ ಬಿರುಸಾಗಿ ಹರಿಯುತ್ತಲೇ ಇರಬೇಕು. ಹರಿವು ಕುಗ್ಗಿದರೆ ಪೈಪಿನ ಒಳಮೈಗೆ ತಾಗಿದ ತೆಳು ಪದರ ವಿಪರೀತ ಕಾಯುತ್ತದೆ. ಎಣ್ಣೆ ಒಡೆದು ಕರಿ ಕಟ್ಟುತ್ತದೆ. ಕರಿ ಕಟ್ಟಿದ ಕಡೆ ಶಾಖ ಎಣ್ಣೆಗೆ ದಾಟುವುದಿಲ್ಲ, ಪೈಪೇ ಕೆಂಪಗಾಗಿ ಒಂದು ದಿನ ತೂತು ಬೀಳುತ್ತದೆ. ಆಮೇಲೆ ಎಣ್ಣೆ ಬೀಳುವುದು ನೇರ ಬೆಂಕಿಗೆ.

ಟೆಂಪರೇಚರ್ ಮೀಟರ್ ಇದೆಯಲ್ಲ, ಅದು ಹೇಳುವುದಿಲ್ವಾ ಅಂತ ಕೇಳಬಹುದು. ಹೇಳುವುದಿಲ್ಲ. ಅದು ಕೂತಿರುವುದು ಎಣ್ಣೆ ಹೊರಬರುವ ಜಾಗದಲ್ಲಿ. ಎಣ್ಣೆಯೇ ಬರದಿದ್ದರೆ ಒಳಗಿನ ಬಿಸಿ ಅದಕ್ಕೆ ಗೊತ್ತಾಗುವುದು ಹೇಗೆ? ಪಂಪಿನ ಪ್ರೆಷರ್ ಗೇಜನ್ನೂ ನಂಬುವಂತಿಲ್ಲ. ಮುಂದಿನ ವಾಲ್ವ್ ಮುಚ್ಚಿದ್ದರೆ ಹರಿವು ಸೊನ್ನೆ, ಆದರೆ ಗೇಜ್ ಮುಳ್ಳು ಮೇಲೇರಿರುತ್ತದೆ! ಅದಕ್ಕೇ ಕಾಯಿಲ್‌ನ ಎರಡು ತುದಿಗಳ ಒತ್ತಡದ ವ್ಯತ್ಯಾಸ ನೋಡುವ ಸೆನ್ಸರ್ ಬೇಕು. ವ್ಯತ್ಯಾಸ ಇಳಿದರೆ ಹರಿವು ಇಳಿದಿದೆ ಎಂದರ್ಥ. ಅದು ಕೂಡಲೇ ಬರ್ನರ್ ಆರಿಸುತ್ತದೆ. ಪದೇ ಪದೇ ಟ್ರಿಪ್ ಆಗುತ್ತದೆಂದು ಕೆಲವರು ಎರಡು ವೈರ್ ಜೋಡಿಸಿ ಅದರ ಬಾಯಿ ಮುಚ್ಚಿಸುತ್ತಾರೆ. ನನ್ನ ಪ್ರಕಾರ ಆ ಹೀಟರನ್ನು ಆ ದಿನವೇ ನಿಲ್ಲಿಸಬೇಕು.

ಪದೇ ಪದೇ ಟ್ರಿಪ್ ಆದರೆ ಮೊದಲು ಪಂಪಿನ ಹಿಂದಿರುವ ಸ್ಟ್ರೈನರ್, ಅಂದರೆ ಎಣ್ಣೆ ಸೋಸುವ ಜಾಲರಿ ನೋಡಿ. ವೆಲ್ಡಿಂಗ್ ಚೂರು, ತುಕ್ಕು, ಕರಿ, ಎಲ್ಲ ಬಂದು ನಿಲ್ಲುವುದು ಅಲ್ಲೇ. ಜಾಲರಿ ಕಟ್ಟಿಕೊಂಡರೆ ಪಂಪಿಗೆ ಎಣ್ಣೆ ಸಾಲದೆ ಗರಗರ ಸದ್ದು ಬರುತ್ತದೆ. ಹೊಸ ಪೈಪ್‌ಲೈನ್ ಆದರೆ ಮೊದಲ ವಾರಗಳಲ್ಲಿ ಬೇಗ ಬೇಗ ತೊಳೆಯಬೇಕು, ಎಣ್ಣೆ ತಣ್ಣಗಾದ ಮೇಲೆ.

ವಾಲ್ವ್‌ಗಳಲ್ಲಿ ನನಗೆ ದೊಡ್ಡದು ಬೈಪಾಸ್. ಪ್ರೆಸ್ಸಿನವರು ತಮ್ಮ ವಾಲ್ವ್ ಮುಚ್ಚಿದರೂ ಎಣ್ಣೆ ಇದರ ಮೂಲಕ ಸುತ್ತು ಹಾಕಿ ಕಾಯಿಲ್‌ಗೆ ಮರಳುತ್ತದೆ. ಇನ್ನು ಗ್ಲ್ಯಾಂಡ್, ಅಂದರೆ ವಾಲ್ವಿನ ಕಡ್ಡಿಯ ಸುತ್ತಲಿನ ಬಿಗಿಯ ಸೋರಿಕೆ: ಹನಿ ಹನಿ ಎಣ್ಣೆ ಪೈಪಿಗೆ ಸುತ್ತಿದ ಗ್ಲಾಸ್‌ವುಲ್‌ಗೆ ಇಳಿದರೆ, ಕಿಡಿ ಇಲ್ಲದೆಯೂ ಒಳಗೊಳಗೇ ಹೊತ್ತಿಕೊಳ್ಳಬಹುದು. ವಾಲ್ವಿನ ಕಡ್ಡಿಯನ್ನು ಅಡ್ಡಕ್ಕೆ ಕೂರಿಸುವುದು ಅದಕ್ಕೇ, ಸೋರಿದ್ದು ಹೊರಗೆ ಬೀಳಲಿ ಅಂತ.

ಕೊಡಗಿನ ಮಳೆಗಾಲಕ್ಕೆ ಬರೋಣ. ಮರ ಬಿತ್ತು, ಕರೆಂಟ್ ಹೋಯಿತು, ಪಂಪ್ ನಿಂತಿತು. ಡೀಸೆಲ್ ಬರ್ನರ್ ಆರುತ್ತದೆ. ಆದರೆ ಸೌದೆ ಒಲೆಯ ಕೆಂಡಕ್ಕೆ ಯಾವ ಸೆನ್ಸರ್ ಆಜ್ಞೆ ಮಾಡೀತು? ಅಲ್ಲಿ ತಾನೇ ಶುರುವಾಗುವ ಜನರೇಟರ್ ಅಥವಾ ಡೀಸೆಲ್ ಎಂಜಿನ್‌ನ ಪಂಪ್ ಇರಲೇಬೇಕು. ಮಳೆ ಶುರುವಾಗುವ ಮೊದಲೇ ಅದನ್ನು ಓಡಿಸಿ ನೋಡಿ.

ಇನ್ನೊಂದು, ತೇವ. ಬಿಸಿಗೆ ಹಿಗ್ಗಿದ ಎಣ್ಣೆಗೆ ಜಾಗ ಕೊಡುವ ಮೇಲಿನ ಎಕ್ಸ್‌ಪಾನ್ಷನ್ ಟ್ಯಾಂಕಿನ ಗಾಳಿ ಕೊಳವೆಯಿಂದ ನೀರಿನಂಶ ಎಣ್ಣೆಗೆ ಸೇರುತ್ತದೆ. ನೀರು ಆವಿಯಾದರೆ ಸುಮಾರು 1600 ಪಟ್ಟು ಹಿಗ್ಗುತ್ತದೆ, ಟ್ಯಾಂಕಿನಿಂದ ಎಣ್ಣೆ ಉಕ್ಕುತ್ತದೆ. ಆದ್ದರಿಂದ ಬಹಳ ದಿನ ನಿಲ್ಲಿಸಿದ ಹೀಟರನ್ನು ಹಚ್ಚಿದಾಗ 100 ಡಿಗ್ರಿಯ ಆಸುಪಾಸಿನಲ್ಲಿ ಅವಸರ ಬೇಡ. ಕೊಳವೆಯಲ್ಲಿ ಆವಿ ಬರುವುದು ಪೂರ್ತಿ ನಿಂತ ಮೇಲೆ ಬಿಸಿ ಏರಿಸಿ. ನಮಸ್ಕಾರ.