ದೇಹದೊಳಗೆ ಹೋದ ಕಣ ಎಲ್ಲಿ ಉಳಿಯುತ್ತದೆ?

ನಮಸ್ಕಾರ. ಇಂದಿನ ಮಾತನ್ನು ವೈದ್ಯಕೀಯ ಗ್ರಂಥಗಳಲ್ಲಿ ಈಗಲೂ ಸಿಗುವ ಒಂದು ಬಗೆಯ ಎಕ್ಸ್-ರೇ ಚಿತ್ರದಿಂದ ಆರಂಭಿಸುತ್ತೇನೆ. ಹೊಟ್ಟೆಯ ಭಾಗದ ಚಿತ್ರ ಅದು. ಇಂಥ ಚಿತ್ರಗಳಲ್ಲಿ ಸಾಮಾನ್ಯವಾಗಿ ಮೂಳೆಗಳು ಬೆಳ್ಳಗೆ ಎದ್ದು ಕಾಣುತ್ತವೆ, ಮೃದುವಾದ ಅಂಗಗಳು ಬೂದು ಬಣ್ಣದಲ್ಲಿ ಒಂದರೊಳಗೊಂದು ಬೆರೆತುಹೋಗಿರುತ್ತವೆ. ಈ ಚಿತ್ರ ಹಾಗಿಲ್ಲ. ಎಡಗಡೆ ಪಕ್ಕೆಲುಬುಗಳ ಅಡಿಯಲ್ಲಿ ಗುಲ್ಮವು (ಸ್ಪ್ಲೀನ್) ಸುಣ್ಣ ಬಳಿದಂತೆ ಬೆಳ್ಳಗಿದೆ, ಯಕೃತ್ತಿನಲ್ಲಿ ಬಲೆ ಹರಡಿದ ಹಾಗೆ ಬಿಳಿ ಗೆರೆಗಳಿವೆ, ಸುತ್ತಲಿನ ದುಗ್ಧರಸ ಗ್ರಂಥಿಗಳು ಬಿಳಿ ಚುಕ್ಕೆಗಳಾಗಿ ಕಾಣುತ್ತವೆ. ಈ ಬಿಳುಪಿಗೆ ಕಾರಣ ಎಷ್ಟೋ ವರ್ಷಗಳ ಹಿಂದೆ ರಕ್ತನಾಳಕ್ಕೆ ಕೊಟ್ಟ ಒಂದು ಚುಚ್ಚುಮದ್ದು.

ಅದರ ಹೆಸರು ಥೊರೊಟ್ರಾಸ್ಟ್. ಥೋರಿಯಂ ಡೈಆಕ್ಸೈಡ್‌ನ ಅತಿಸೂಕ್ಷ್ಮ ಕಣಗಳನ್ನು ದ್ರವದಲ್ಲಿ ತೇಲಿಬಿಟ್ಟು ತಯಾರಿಸಿದ್ದ ಅದನ್ನು, ರಕ್ತನಾಳಗಳು ಎಕ್ಸ್-ರೇಯಲ್ಲಿ ಸ್ಪಷ್ಟವಾಗಿ ಕಾಣಲೆಂದು, 1930ರ ದಶಕದಿಂದ 1950ರ ದಶಕದವರೆಗೆ ಹಲವು ದೇಶಗಳ ವೈದ್ಯರು ಬಳಸಿದರು. ಚಿತ್ರ ಸೊಗಸಾಗಿ ಬರುತ್ತಿತ್ತು, ಚುಚ್ಚಿದ ಹೊತ್ತಿನಲ್ಲಿ ರೋಗಿಗೆ ಆಗುತ್ತಿದ್ದ ತೊಂದರೆಯೂ ಕಡಿಮೆ. ಥೋರಿಯಂ ವಿಕಿರಣಶೀಲ ಎಂಬುದು ಅಂದೇ ತಿಳಿದಿತ್ತು, ಎಚ್ಚರಿಸಿದವರೂ ಇದ್ದರು. ಆದರೆ ಆ ಕಣಗಳನ್ನು ಹೊರಹಾಕುವ ದಾರಿ ದೇಹಕ್ಕೆ ಇರಲಿಲ್ಲ. ಯಕೃತ್ತು, ಗುಲ್ಮ ಮತ್ತು ಮೂಳೆಮಜ್ಜೆಯಲ್ಲಿರುವ ಭಕ್ಷಕ ಕೋಶಗಳು ಅವನ್ನು ನುಂಗಿದವು, ಕರಗಿಸಲಾಗದೆ ಹಾಗೆಯೇ ಇಟ್ಟುಕೊಂಡವು. ಥೋರಿಯಂನ ಅರ್ಧಾಯುಷ್ಯ, ಅಂದರೆ ಅದು ಕ್ಷಯಿಸಿ ಅರ್ಧವಾಗಲು ಬೇಕಾದ ಕಾಲ, ಸುಮಾರು 1,400 ಕೋಟಿ ವರ್ಷ. ಇಪ್ಪತ್ತು ಮೂವತ್ತು ವರ್ಷಗಳು ಕಳೆದ ಮೇಲೆ, ಚುಚ್ಚುಮದ್ದನ್ನು ಬಹುಶಃ ಮರೆತೇಬಿಟ್ಟಿದ್ದ ಜನರಲ್ಲಿ ಯಕೃತ್ತಿನ ಕ್ಯಾನ್ಸರ್‌ಗಳು ಕಾಣಿಸಿಕೊಂಡವು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಥೊರೊಟ್ರಾಸ್ಟ್ ಹಾನಿ ಮಾಡಿದ್ದು ವಿಕಿರಣದಿಂದ. ಇಂದು ಔಷಧವಾಗಿ ಬಳಸುವ ಕೊಬ್ಬಿನ ಕಣವನ್ನೋ ಕಬ್ಬಿಣದ ಕಣವನ್ನೋ ಅದರ ಪಕ್ಕದಲ್ಲಿಟ್ಟು ಜನರನ್ನು ಹೆದರಿಸುವುದು ತಪ್ಪು, ಆ ಕೆಲಸ ನಾನು ಮಾಡುವುದಿಲ್ಲ. ಆ ಕಥೆಯಿಂದ ನಾನು ತೆಗೆದುಕೊಳ್ಳುವುದು ಒಂದೇ ಒಂದು ಪ್ರಶ್ನೆಯನ್ನು: ದೇಹದೊಳಗೆ ಹೋದ ಕಣ ಎಲ್ಲಿಗೆ ಹೋಗುತ್ತದೆ, ಎಷ್ಟು ಕಾಲ ಉಳಿಯುತ್ತದೆ? ನ್ಯಾನೊ ವಸ್ತುಗಳ ಸುರಕ್ಷತಾ ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಮೊದಲ ಸ್ಥಾನ ಸಿಗಬೇಕು ಎಂಬುದು, ಮತ್ತು ಉತ್ತರ ಕೊಡುವ ಪರೀಕ್ಷೆಯನ್ನೇ ಮೊದಲು ಪರೀಕ್ಷಿಸಬೇಕು ಎಂಬುದು ನನ್ನ ಅಭಿಪ್ರಾಯ.

ನ್ಯಾನೊ ಎಂದರೆ ಸ್ಥೂಲವಾಗಿ 1ರಿಂದ 100 ನ್ಯಾನೊಮೀಟರ್ ಅಳತೆ. ಒಂದು ತಲೆಕೂದಲಿನ ದಪ್ಪ ಸುಮಾರು 80 ಸಾವಿರದಿಂದ ಒಂದು ಲಕ್ಷ ನ್ಯಾನೊಮೀಟರ್. ಈ ಅಳತೆಯಲ್ಲಿ ವಸ್ತುವಿನ ಗುಣ ಯಾಕೆ ಬದಲಾಗುತ್ತದೆ ಎಂಬುದಕ್ಕೆ ಸರಳವಾದ ಲೆಕ್ಕವೊಂದಿದೆ. ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಘನವೊಂದರ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ ಒಂದೊಂದು ನ್ಯಾನೊಮೀಟರ್‌ನ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 6,000 ಚದರ ಮೀಟರ್ ಆಗುತ್ತದೆ. ತೂಕ ಅಷ್ಟೇ, ಆದರೆ ಸುತ್ತಲಿನ ನೀರು, ಪ್ರೊಟೀನ್, ಜೀವಕೋಶಗಳ ಜೊತೆ ವ್ಯವಹರಿಸುವ ಮುಖ ಒಂದು ಕೋಟಿ ಪಟ್ಟು ಹಿಗ್ಗಿರುತ್ತದೆ. ಹಳದಿ ಚಿನ್ನವನ್ನು ಇಷ್ಟು ಸಣ್ಣದಾಗಿಸಿ ನೀರಿನಲ್ಲಿ ತೇಲಿಬಿಟ್ಟರೆ ಮಾಣಿಕ್ಯದ ಕೆಂಪು ಬರುತ್ತದೆ. ಮೈಕೆಲ್ ಫ್ಯಾರಡೆ 1857ರಲ್ಲಿಯೇ ಇದನ್ನು ವಿವರಿಸಿದ್ದ. ಆದ್ದರಿಂದ ಗಟ್ಟಿ ವಸ್ತುವಿಗೆ ಸಿಕ್ಕ ಸುರಕ್ಷತೆಯ ಪ್ರಮಾಣಪತ್ರವನ್ನು ಅದೇ ವಸ್ತುವಿನ ನ್ಯಾನೊ ರೂಪಕ್ಕೆ ಅಂಟಿಸುವಂತಿಲ್ಲ.

ಈ ಗುಣಗಳಿಂದಲೇ ಉಪಕಾರವೂ ಆಗಿದೆ, ಅದನ್ನು ಕೃತಜ್ಞತೆಯಿಂದಲೇ ಹೇಳುತ್ತೇನೆ. ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧ ಹೃದಯಕ್ಕೆ ಹಾನಿ ಮಾಡಬಲ್ಲದು. ಅದನ್ನು ಕೊಬ್ಬಿನ ಸೂಕ್ಷ್ಮ ಕೋಶದೊಳಗೆ ತುಂಬಿ ತಯಾರಿಸಿದ ಡಾಕ್ಸಿಲ್‌ಗೆ 1995ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಸಿಕ್ಕಿತು, ಹೃದಯದ ಮೇಲಿನ ಹೊರೆ ಕಡಿಮೆಯಾಯಿತು. 2018ರಲ್ಲಿ ಪಾಟಿಸಿರಾನ್ ಎಂಬ ಆರ್‌ಎನ್‌ಎ ಔಷಧ ಲಿಪಿಡ್, ಅಂದರೆ ಕೊಬ್ಬಿನ, ನ್ಯಾನೊ ಕಣದೊಳಗೆ ಕುಳಿತು ಯಕೃತ್ತನ್ನು ತಲುಪಿತು. ಎರಡೇ ವರ್ಷಗಳಲ್ಲಿ ಅದೇ ಬಗೆಯ ವಾಹನ ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಗಳನ್ನು ಕೋಟ್ಯಂತರ ಜನರ ತೋಳಿಗೆ ಒಯ್ದಿತು.

ಆದರೆ ಇಲ್ಲೂ ಅದೇ ಪ್ರಶ್ನೆಯನ್ನು ಕೇಳೋಣ. ಕ್ಯಾನ್ಸರ್ ಗಡ್ಡೆಯನ್ನು ಗುರಿಯಾಗಿಟ್ಟುಕೊಂಡ ನ್ಯಾನೊ ಕಣಗಳಲ್ಲಿ ಎಷ್ಟು ಪಾಲು ನಿಜವಾಗಿ ಗಡ್ಡೆಯನ್ನು ತಲುಪುತ್ತದೆ? ಹಿಂದಿನ ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳ ಪ್ರಬಂಧಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ ಆ ಪಾಲಿನ ಮಧ್ಯಾಂಕ ಶೇಕಡಾ 0.7. ಅಂದರೆ ಚುಚ್ಚಿದ ಸಾವಿರ ಕಣಗಳಲ್ಲಿ ಏಳು. ಉಳಿದವುಗಳಲ್ಲಿ ದೊಡ್ಡ ಪಾಲನ್ನು ಆ ಎಕ್ಸ್-ರೇಯಲ್ಲಿ ಬೆಳ್ಳಗೆ ಕಂಡ ಅಂಗಗಳೇ, ಯಕೃತ್ತು ಮತ್ತು ಗುಲ್ಮವೇ, ಹಿಡಿದಿಟ್ಟುಕೊಳ್ಳುತ್ತವೆ. ಮೂತ್ರದ ಮೂಲಕ ಸಲೀಸಾಗಿ ಹೊರಹೋಗಬೇಕಾದರೆ ಕರಗದ ಕಣ ಸುಮಾರು 5.5 ನ್ಯಾನೊಮೀಟರ್‌ಗಿಂತ ಚಿಕ್ಕದಾಗಿರಬೇಕು ಎಂದು 2007ರ ಪ್ರಯೋಗವೊಂದು ತೋರಿಸಿತು. ಅದಕ್ಕಿಂತ ದೊಡ್ಡದಾದುದಕ್ಕೆ ಎರಡೇ ದಾರಿ: ದೇಹ ಅದನ್ನು ಬಿಡಿಸಿ ಬಳಸಿಕೊಳ್ಳಬೇಕು, ಇಲ್ಲವೇ ನಿಧಾನವಾಗಿ ಪಿತ್ತರಸದ ಮೂಲಕ ಹೊರದೂಡಬೇಕು. ಲಿಪಿಡ್ ಕಣವನ್ನು ದೇಹ ಬಿಡಿಸಬಲ್ಲದು, ಕಬ್ಬಿಣದ ಆಕ್ಸೈಡನ್ನು ಕರಗಿಸಿ ಹಿಮೋಗ್ಲೋಬಿನ್‌ಗೆ ಬಳಸಿಕೊಳ್ಳಬಲ್ಲದು. ಚಿನ್ನವನ್ನು ಏನು ಮಾಡಬೇಕು? ಅದು ಅಲ್ಲಿಯೇ ಕುಳಿತಿರುತ್ತದೆ. ಕುಳಿತದ್ದೆಲ್ಲ ಕೆಡುಕು ಎಂದು ನಾನು ಹೇಳುತ್ತಿಲ್ಲ, ಆದರೆ ಅಷ್ಟು ಕಾಲ ಕೂರುವ ವಸ್ತುವನ್ನು 28 ದಿನಗಳ ಪ್ರಯೋಗದಿಂದ ಅಳೆದು ಮುಗಿಸಿದೆವು ಎನ್ನುವುದನ್ನು ಒಪ್ಪಲಾರೆ. ದೇಹಕ್ಕೆ ಪರಿಚಿತವಾದ ಕಬ್ಬಿಣವೂ ಪೂರ್ತಿ ನಿರಾತಂಕವಲ್ಲ: ರಕ್ತಹೀನತೆಗೆ ಕೊಡುವ ಫೆರುಮಾಕ್ಸಿಟಾಲ್ ಎಂಬ ಕಬ್ಬಿಣದ ನ್ಯಾನೊ ಔಷಧದಿಂದ ಕೆಲವರಲ್ಲಿ ಮಾರಣಾಂತಿಕ ಅಲರ್ಜಿ ಆದದ್ದರಿಂದ, 2015ರಲ್ಲಿ ಅಮೆರಿಕದ ನಿಯಂತ್ರಕರು ಅದರ ಮೇಲೆ ಅತ್ಯಂತ ಕಟ್ಟುನಿಟ್ಟಾದ ಎಚ್ಚರಿಕೆಯನ್ನು ಹಾಕಿಸಿದರು.

ಇನ್ನು ಪರೀಕ್ಷೆಯ ವಿಷಯ. ನನಗೆ ಅತಿ ಮುಖ್ಯವೆನಿಸುವ ಭಾಗ ಇದು, ಸ್ವಲ್ಪ ನಿಂತು ನೋಡೋಣ.

ಪ್ರಯೋಗಾಲಯದ ಮೇಜಿನ ಮೇಲೆ ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯೊಂದಿದೆ. ಅದರಲ್ಲಿ 96 ಪುಟ್ಟ ಗುಳಿಗಳು, ಪ್ರತಿ ಗುಳಿಯ ತಳದಲ್ಲಿ ಜೀವಕೋಶಗಳ ತೆಳು ಪದರ. ಗುಳಿಗಳಿಗೆ ನ್ಯಾನೊ ಕಣಗಳನ್ನು ಹಾಕಿ ಒಂದು ದಿನ ಬಿಟ್ಟು, ಆಮೇಲೆ ಎಂಟಿಟಿ ಎಂಬ ಹಳದಿ ದ್ರಾವಣವನ್ನು ಸೇರಿಸುತ್ತಾರೆ. ಬದುಕಿರುವ ಕೋಶ ಆ ಹಳದಿಯನ್ನು ನೇರಳೆ ಬಣ್ಣದ ಹರಳಾಗಿ ಮಾರ್ಪಡಿಸುತ್ತದೆ, ಸತ್ತ ಕೋಶ ಮಾಡುವುದಿಲ್ಲ. ಹರಳುಗಳನ್ನು ಕರಗಿಸಿ, ನೇರಳೆ ಎಷ್ಟು ಗಾಢವಾಗಿದೆ ಎಂದು ಯಂತ್ರದಲ್ಲಿ ಅಳೆದರೆ ಎಷ್ಟು ಕೋಶಗಳು ಉಳಿದಿವೆ ಎಂಬ ಅಂಕಿ ಸಿಗುತ್ತದೆ. ಸಾಮಾನ್ಯ ರಾಸಾಯನಿಕಗಳಿಗೆ ದಶಕಗಳಿಂದ ನಡೆದುಬಂದಿರುವ, ಅಗ್ಗವಾದ, ಉಪಯುಕ್ತವಾದ ಪರೀಕ್ಷೆ ಇದು. ಈಗ ಅದೇ ಗುಳಿಗೆ ಇಂಗಾಲದ ನ್ಯಾನೊ ನಳಿಕೆಗಳನ್ನು ಹಾಕಿ. ನೇರಳೆ ಹರಳುಗಳು ನಳಿಕೆಗಳಿಗೆ ಅಂಟಿಕೊಂಡು ಕರಗದೆ ಉಳಿಯುತ್ತವೆ, ಬಣ್ಣ ತಿಳಿಯಾಗುತ್ತದೆ, ಯಂತ್ರ ಕೋಶಗಳು ಸತ್ತವೆಂದು ತೋರಿಸುತ್ತದೆ. ಬೇರೊಂದು ಬಣ್ಣದಿಂದ ಪರೀಕ್ಷಿಸಿದರೆ ಅವೇ ಕೋಶಗಳು ಜೀವಂತ! ಈ ಗೊಂದಲ 2006ರಲ್ಲಿಯೇ ವರದಿಯಾಯಿತು. ಇಂಗಾಲದ ಅತಿ ತೆಳುವಾದ ಹಾಳೆಯಾದ ಗ್ರಾಫೀನ್‌ನದು ಇದಕ್ಕೆ ತಿರುಗಾದ ಸಮಸ್ಯೆ. ಅದು ಕೋಶಗಳೇ ಇಲ್ಲದ ಗುಳಿಯಲ್ಲೂ ಹಳದಿಯನ್ನು ತಾನೇ ನೇರಳೆಯಾಗಿಸಬಲ್ಲದು. ಆಗ ಕೋಶ ಸತ್ತಿದ್ದರೂ ಯಂತ್ರ ಬದುಕಿದೆ ಎನ್ನುತ್ತದೆ. ಕೋಶವಿಲ್ಲದೆ ಬರೀ ಕಣವನ್ನು ಹಾಕಿದ ಒಂದು ಸಾಲು ಗುಳಿಗಳನ್ನು, ಮೊದಲೇ ತಯಾರಾದ ನೇರಳೆ ಹರಳಿಗೆ ಕಣವನ್ನು ಬೆರೆಸಿದ ಇನ್ನೊಂದು ಸಾಲನ್ನು ಪಕ್ಕದಲ್ಲಿ ಇಟ್ಟಿದ್ದರೆ ಎರಡು ತಪ್ಪುಗಳೂ ಅರ್ಧ ದಿನದಲ್ಲಿ ಹೊರಬೀಳುತ್ತವೆ. ಅಷ್ಟು ಸಣ್ಣ ಕೆಲಸ ಅದು. ಆ ಸಾಲುಗಳಿಲ್ಲದ ವರದಿಯನ್ನು ಸುರಕ್ಷತೆಯ ಸಾಕ್ಷಿಯಾಗಿ ಯಾವ ನಿಯಂತ್ರಕರೂ ಸ್ವೀಕರಿಸಬಾರದು, ಅಪಾಯದ ಸಾಕ್ಷಿಯಾಗಿಯೂ ಸ್ವೀಕರಿಸಬಾರದು.

ಪ್ರಮಾಣದ ಲೆಕ್ಕವೂ ಇಲ್ಲಿ ಜಾರುತ್ತದೆ. ಕರಗಿದ ಔಷಧ ದ್ರವದಲ್ಲೆಲ್ಲ ಸಮನಾಗಿ ಹರಡಿರುತ್ತದೆ. ಕಣವಾದರೋ ಕೆಳಗೆ ಕೂರುತ್ತದೆ, ಒಂದಕ್ಕೊಂದು ಅಂಟಿ ಗುಂಪುಗಟ್ಟುತ್ತದೆ. 2011ರಲ್ಲಿ ಚಿನ್ನದ ಕಣಗಳ ಮೇಲೆ ಪ್ರಯೋಗ ಮಾಡಿದ ಸಂಶೋಧಕರು ಕೋಶಗಳನ್ನು ತಳದಲ್ಲಿಟ್ಟು ಒಮ್ಮೆ, ತಲೆಕೆಳಗಾಗಿ ದ್ರವದ ಮೇಲ್ಭಾಗದಲ್ಲಿಟ್ಟು ಇನ್ನೊಮ್ಮೆ ಪರೀಕ್ಷಿಸಿದರು. ದ್ರವ ಅದೇ, ಕಣ ಅದೇ, ಆದರೆ ಬೇಗ ಕೆಳಗಿಳಿಯುವ ಕಣಗಳ ವಿಷಯದಲ್ಲಿ ಕೋಶಗಳು ಒಳಗೆಳೆದುಕೊಂಡ ಮೊತ್ತ ಬೇರೆಯಾಗಿತ್ತು. ಮಿಲಿಲೀಟರಿಗೆ ಇಷ್ಟು ಮೈಕ್ರೊಗ್ರಾಂ ಎಂದು ವರದಿಯಲ್ಲಿ ಬರೆದ ಮಾತ್ರಕ್ಕೆ ಕೋಶಕ್ಕೆ ಅಷ್ಟೇ ತಲುಪಿತೆಂದು ಹೇಳಲಾಗದು.

ಹೀಗೆಯೇ, ರಾಸಾಯನಿಕವೊಂದು ವಂಶವಾಹಿಯನ್ನು ಕೆಡಿಸುತ್ತದೆಯೇ ಎಂದು ಬ್ಯಾಕ್ಟೀರಿಯಾಗಳ ಮೇಲೆ ನಡೆಸುವ ಏಮ್ಸ್ (Ames) ಪರೀಕ್ಷೆಯನ್ನು ನ್ಯಾನೊ ಕಣಗಳಿಗೆ ಬಳಸುವುದು ಸೂಕ್ತವಲ್ಲವೆಂದು ತಜ್ಞರು ಹೇಳುತ್ತಾರೆ, ಏಕೆಂದರೆ ಬಹುಪಾಲು ಕಣಗಳು ಬ್ಯಾಕ್ಟೀರಿಯಾದ ಭಿತ್ತಿಯನ್ನು ದಾಟುವುದಿಲ್ಲ. ಒಳಗೆ ಹೋಗದ ಕಣ ಒಳಗೇನೂ ಕೆಡಿಸಲಿಲ್ಲ ಎಂಬ ಫಲಿತಾಂಶದಿಂದ ಮನುಷ್ಯನಿಗೆ ಏನು ತಿಳಿಯಿತು? ಬ್ಯಾಕ್ಟೀರಿಯಾದ ಅವಶೇಷವಾದ ಎಂಡೋಟಾಕ್ಸಿನ್‌ನದು ಮತ್ತೊಂದು ತೊಡಕು. ತಯಾರಿಕೆಯ ಹಂತದಲ್ಲಿ ಅದು ಕಣಗಳಿಗೆ ಅಂಟಿಕೊಂಡರೆ, ಪ್ರಾಣಿಯಲ್ಲಿ ಕಾಣುವ ಉರಿಯೂತ ಕೊಳೆಯಿಂದ ಬಂದದ್ದೋ ಕಣದಿಂದ ಬಂದದ್ದೋ ಎಂದು ಬೇರ್ಪಡಿಸುವುದು ಕಷ್ಟ. ಅದನ್ನು ಪತ್ತೆ ಮಾಡುವ ಪರೀಕ್ಷೆಗೇ ಕೆಲವು ಕಣಗಳು ಅಡ್ಡ ಬರುತ್ತವೆ. ಇಂಥ ತೊಡಕುಗಳನ್ನು ಬಿಡಿಸಲೆಂದೇ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 2004ರಲ್ಲಿ ನ್ಯಾನೊ ಔಷಧಗಳ ಗುಣನಿರ್ಣಯಕ್ಕೆ ಪ್ರತ್ಯೇಕ ಪ್ರಯೋಗಾಲಯವನ್ನು ಸ್ಥಾಪಿಸಿತು. ಪ್ರತಿ ತಂಡವೂ ತನ್ನದೇ ಪರೀಕ್ಷೆ ನಡೆಸಿ ತನ್ನ ಕಣವನ್ನು ತಾನೇ ಮೆಚ್ಚಿಕೊಳ್ಳುವ ಬದಲು, ಒಂದೇ ಕಡೆ, ಒಂದೇ ವಿಧಾನದಲ್ಲಿ ಅಳೆಯುವ ಇಂಥ ವ್ಯವಸ್ಥೆಯನ್ನು ನಾನು ಮನಸಾರೆ ಬೆಂಬಲಿಸುತ್ತೇನೆ.

ಕಣದ ಸ್ವರೂಪವೂ ದೇಹದೊಳಗೆ ಬದಲಾಗುತ್ತದೆ. ರಕ್ತಕ್ಕೆ ಸೇರಿದ ಕೆಲವೇ ಕ್ಷಣಗಳಲ್ಲಿ ಪ್ರೊಟೀನ್‌ಗಳು ಅದರ ಸುತ್ತ ಮುತ್ತಿ ಹೊದಿಕೆಯಾಗುತ್ತವೆ. ಮುಂದೆ ಜೀವಕೋಶದ ಕಣ್ಣಿಗೆ ಬೀಳುವುದು ಆ ಹೊದಿಕೆಯೇ. ಶ್ವಾಸಕೋಶದ ದ್ರವದಲ್ಲಿ ಅದೇ ಕಣಕ್ಕೆ ಬೇರೆ ಹೊದಿಕೆ. ಹೀಗಿರುವಾಗ ಒಂದು ಮಾರ್ಗದಿಂದ ಕೊಟ್ಟು ನೋಡಿದ ಫಲಿತಾಂಶವನ್ನು ಇನ್ನೊಂದು ಮಾರ್ಗಕ್ಕೆ ಹೊಂದಿಸಲು ಬರುವುದಿಲ್ಲ. ಆಕಾರವೂ ಹಾಗೆಯೇ. ಉದ್ದವಾದ, ಬಿರುಸಾದ ಇಂಗಾಲದ ನಳಿಕೆಗಳನ್ನು ಇಲಿಗಳ ಹೊಟ್ಟೆಯ ಪೊರೆಗೆ ತಾಕಿಸಿದಾಗ ಕಲ್ನಾರಿನಿಂದ (ಆಸ್ಬೆಸ್ಟಾಸ್) ಆಗುವಂಥ ಉರಿಯೂತ ಉಂಟಾಯಿತೆಂದು 2008ರ ಪ್ರಯೋಗ ತೋರಿಸಿತು. ಗಿಡ್ಡಗಿದ್ದ, ಸುತ್ತಿಕೊಂಡಿದ್ದ ನಳಿಕೆಗಳಿಂದ ಹಾಗಾಗಲಿಲ್ಲ. ಭಕ್ಷಕ ಕೋಶ ತನಗಿಂತ ಉದ್ದದ ಕಡ್ಡಿಯನ್ನು ಪೂರ್ತಿ ನುಂಗಲಾರದೆ ಅರ್ಧದಲ್ಲಿ ಸೋಲುತ್ತದೆ. 2014ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತಜ್ಞರು ‘ಎಂಡಬ್ಲ್ಯುಸಿಎನ್‌ಟಿ-7’ ಎಂಬ ಒಂದೇ ಬಗೆಯ ನಳಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆಯುಳ್ಳ ಗುಂಪಿಗೆ ಸೇರಿಸಿ, ಉಳಿದ ಬಗೆಗಳನ್ನು ವರ್ಗೀಕರಿಸಲು ಪುರಾವೆ ಸಾಲದೆಂದರು. ಇಂಗಾಲದ ನಳಿಕೆ ಸುರಕ್ಷಿತವೇ ಎಂದು ಯಾರಾದರೂ ಕೇಳಿದರೆ, ಯಾವ ನಳಿಕೆ, ಎಷ್ಟು ಉದ್ದದ್ದು, ಯಾವ ಮಾರ್ಗದಿಂದ ಒಳಹೋಗುವುದು ಎಂದು ಮರಳಿ ಕೇಳದೆ ಗತ್ಯಂತರವಿಲ್ಲ.

ನ್ಯಾನೊ ಎಂಬ ಹೆಸರೇ ಇಲ್ಲದ ಕಡೆಯೂ ಈ ಪ್ರಶ್ನೆ ಎದುರಾಗುತ್ತದೆ. ಕೋಬಾಲ್ಟ್ ಮತ್ತು ಕ್ರೋಮಿಯಂ ಮಿಶ್ರಲೋಹದ ಸೊಂಟದ ಕೀಲುಗಳನ್ನೇ ನೋಡಿ. ಗಟ್ಟಿ ಲೋಹವಾಗಿ ಅದು ದೇಹಕ್ಕೆ ಒಗ್ಗುವಂಥದ್ದು. ಆದರೆ ಲೋಹದ ಗುಂಡು ಲೋಹದ ಬಟ್ಟಲಿನೊಳಗೆ, ನಡೆಯುವ ಪ್ರತಿ ಹೆಜ್ಜೆಗೂ ಉಜ್ಜಿಕೊಂಡಾಗ ಉದುರುವ ಪುಡಿ ನ್ಯಾನೊ ಅಳತೆಯದು. ಆ ಪುಡಿಯಿಂದ ಸುತ್ತಲಿನ ಸ್ನಾಯು ಕೊಳೆತವರಿದ್ದಾರೆ, ರಕ್ತದಲ್ಲಿ ಕೋಬಾಲ್ಟ್ ಏರಿದವರಿದ್ದಾರೆ, ಮತ್ತೊಮ್ಮೆ ಶಸ್ತ್ರಚಿಕಿತ್ಸೆಗೆ ಒಳಗಾದವರಿದ್ದಾರೆ. 2010ರಲ್ಲಿ ಅಂಥ ಒಂದು ಮಾದರಿಯನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಳ್ಳಲಾಯಿತು. ದೇಹದಲ್ಲಿ ಇಡುವ ವಸ್ತುವನ್ನಷ್ಟೇ ಅಲ್ಲ, ಹತ್ತು ವರ್ಷಗಳಲ್ಲಿ ಅದು ಏನಾಗುತ್ತದೋ ಅದನ್ನೂ ಪರೀಕ್ಷಿಸಬೇಕು.

ನಿಯಮಗಳು ಸರಿಯಾದ ದಿಕ್ಕಿನಲ್ಲಿ ಸಾಗುತ್ತಿರುವ ಕಡೆಯೂ ಇದೆ. ಉಸಿರಿನ ಮೂಲಕ ಒಳಹೋಗುವ ವಸ್ತುಗಳ 90 ದಿನಗಳ ಪ್ರಾಣಿ ಪರೀಕ್ಷೆಗೆ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ (ಒಇಸಿಡಿ) ರೂಪಿಸಿರುವ ಮಾರ್ಗಸೂಚಿಯನ್ನು 2018ರಲ್ಲಿ ನ್ಯಾನೊ ವಸ್ತುಗಳನ್ನು ಗಮನದಲ್ಲಿಟ್ಟುಕೊಂಡು ಪರಿಷ್ಕರಿಸಲಾಯಿತು. ಈಗ ಶ್ವಾಸಕೋಶದಲ್ಲಿ ಎಷ್ಟು ಕಣ ಉಳಿದಿದೆ ಎಂಬುದನ್ನು ಅಳೆಯಲು ಅದು ಹೇಳುತ್ತದೆ. ನಾನು ಕೇಳುತ್ತಿರುವುದೂ ಇದನ್ನೇ. ಚುಚ್ಚುಮದ್ದಾಗಿ ಕೊಡುವ, ದೇಹದಲ್ಲಿ ಕರಗದ ಪ್ರತಿಯೊಂದು ಕಣಕ್ಕೂ ಯಕೃತ್ತು, ಗುಲ್ಮಗಳಲ್ಲಿ ಉಳಿದ ಮೊತ್ತದ ಅಳತೆ, ಅದು ಇಳಿಯುತ್ತಿದೆಯೋ ಇಲ್ಲವೋ ಎಂಬ ಲೆಕ್ಕ ಕಡ್ಡಾಯವಾಗಬೇಕು, ಮತ್ತು ಕಣ ವಿಫಲವಾದ ಪ್ರಯೋಗಗಳೂ ಪ್ರಕಟವಾಗಬೇಕು. ಇದರಿಂದ ಒಳ್ಳೆಯ ಔಷಧಗಳು ತಡವಾಗುತ್ತವೆ ಎಂಬ ಆಕ್ಷೇಪ ನನಗೆ ಗೊತ್ತು. ಸಾವಿನ ಅಂಚಿನಲ್ಲಿರುವ ರೋಗಿಗೆ ಇಪ್ಪತ್ತು ವರ್ಷಗಳ ನಂತರದ ಅಪಾಯ ದೊಡ್ಡದಲ್ಲ, ಅಂಥವರಿಗೆ ಔಷಧ ಬೇಗ ಸಿಗಲಿ. ಆದರೆ ಬರೀ ಚಿತ್ರ ತೆಗೆಯಲೆಂದು ಆರೋಗ್ಯವಂತರಿಗೂ ಕೊಡುವ ಕಣಕ್ಕೆ ಅದೇ ರಿಯಾಯಿತಿ ಕೊಡಬಾರದು. ಥೊರೊಟ್ರಾಸ್ಟ್ ಕೂಡ ಚಿತ್ರ ತೆಗೆಯಲೆಂದೇ ಕೊಟ್ಟದ್ದು.

ಅದರ ಹಾನಿಯ ಬಗ್ಗೆ ನಮಗೆ ಇಂದು ಇಷ್ಟು ನಿಖರವಾಗಿ ಗೊತ್ತಿರುವುದು, ಜರ್ಮನಿ, ಡೆನ್ಮಾರ್ಕ್, ಪೋರ್ಚುಗಲ್, ಜಪಾನ್‌ಗಳ ಸಂಶೋಧಕರು ಹಳೆಯ ಆಸ್ಪತ್ರೆ ದಾಖಲೆಗಳನ್ನು ಕೆದಕಿ, ಚುಚ್ಚುಮದ್ದು ಪಡೆದವರನ್ನು ಹುಡುಕಿ, ದಶಕಗಳ ಕಾಲ ಅವರ ಆರೋಗ್ಯವನ್ನು ಗಮನಿಸಿದ್ದರಿಂದ. ಆ ಪಟ್ಟಿಗಳು ತಯಾರಾದದ್ದು ಹಾನಿ ಆದ ಮೇಲೆ. ಈಗ ಬರುತ್ತಿರುವ ಕಣಗಳಿಗೆ ಅಂಥ ಪಟ್ಟಿಯನ್ನು ಮೊದಲ ರೋಗಿಗೆ ಮೊದಲ ಸೂಜಿ ಚುಚ್ಚುವ ದಿನವೇ ತೆರೆಯಬೇಕು: ಯಾವ ತಂಡದ ತಯಾರಿಕೆ, ಅಳೆದು ಕಂಡ ಗಾತ್ರವೆಷ್ಟು, ಮೇಲಿನ ಲೇಪನ ಯಾವುದು, ಕೊಟ್ಟ ಪ್ರಮಾಣವೆಷ್ಟು, ಮತ್ತು ಮೂವತ್ತು ವರ್ಷಗಳ ನಂತರ ಆ ವ್ಯಕ್ತಿಯನ್ನು ಯಾರು, ಹೇಗೆ ಸಂಪರ್ಕಿಸುತ್ತಾರೆ.