ಮೊಣಕಾಲುದ್ದ ನೀರಲ್ಲಿ ಕಯಾಕು, ಗಾಳ ಮತ್ತೆ ಒಬ್ಬ ಗೈಡು

ನಮಸ್ಕಾರ ಕೇಳುಗರೇ. ಇವತ್ತು ಅಮೆರಿಕದ ಫ್ಲಾರಿಡಾದ ತುತ್ತತುದೀಲಿರೋ ಒಂದು ಸಮುದ್ರದ ಬಗ್ಗೆ ಮಾತಾಡೋಣ ಅಂತ. ಸಮುದ್ರ ಅಂದ ಕೂಡ್ಲೇ ಅಲೆ, ಆಳ, ಹಡಗು ಅಂತೆಲ್ಲ ಅನ್ಕೋಬೇಡಿ, ಫ್ಲಾರಿಡಾ ಬೇ ಅನ್ನೋ ಈ ಕೊಲ್ಲಿಯ ಸರಾಸರಿ ಆಳ ಹೆಚ್ಚುಕಮ್ಮಿ 1 ಮೀಟರ್ ಅಷ್ಟೇ, ಎಷ್ಟೋ ಕಡೆ ಇಳಿದು ನಿಂತ್ರೆ ಮೊಣಕಾಲು ಮುಳುಗಲ್ಲ. ತಳದಲ್ಲಿ ಕಡಲಹುಲ್ಲು, ದಡದಲ್ಲಿ ನಮ್ಮ ಕರಾವಳಿಯೋರು ಕಾಂಡ್ಲಾ ಅಂತಾರಲ್ಲ ಆ ಮ್ಯಾಂಗ್ರೋವ್ ಮರಗಳು, ಬೇಸಿಗೇಲಂತೂ ನೀರು ಹಂಡೇಲಿ ಕಾಯಿಸಿಟ್ಟ ಹಾಗೆ ಬೆಚ್ಚಗಿರುತ್ತೆ. ಇದರ ಬಹುಪಾಲು 1947ರಲ್ಲಿ ಶುರುವಾದ ಎವರ್‌ಗ್ಲೇಡ್ಸ್ ನ್ಯಾಷನಲ್ ಪಾರ್ಕಿನೊಳಗೆ ಬರುತ್ತೆ. ಹೋಮ್‌ಸ್ಟೆಡ್ ಅನ್ನೋ ಊರು ದಾಟಿ ಪಾರ್ಕಿನ ಗೇಟಿಂದ 38 ಮೈಲಿ ಒಂದೇ ರಸ್ತೆ, ಅದು ಮುಗಿಯೋ ಜಾಗ ಫ್ಲೆಮಿಂಗೋ, ಅಲ್ಲಿಂದ ಮುಂದೆ ಕಯಾಕು, ಅಂದ್ರೆ ಹುಟ್ಟು ಹಾಕ್ಕೊಂಡು ಹೋಗೋ ಸಣ್ಣ ದೋಣಿ.

ಇಷ್ಟು ಕಮ್ಮಿ ನೀರಲ್ಲಿ ಏನ್ ಮೀನು ಸಿಗುತ್ತೆ ಅಂತ ಕೇಳಬಹುದು. ಹುಲ್ಲಲ್ಲಿ, ಕಾಂಡ್ಲಾ ಬೇರಿನ ಸಂದಿಯಲ್ಲಿ ಸಿಗಡಿ, ಏಡಿ, ಮರಿಮೀನು ಅಡಗಿರುತ್ವೆ, ಅವನ್ನ ತಿನ್ನೋಕೆ ದೊಡ್ಡವು ಒಳಗೆ ಬರ್ತವೆ, ಅಷ್ಟೇ ಲೆಕ್ಕ. ಮೋಟಾರ್ ಬೋಟು ಇಲ್ಲಿಗೆ ಬಂದ್ರೆ ಅದರ ಫ್ಯಾನು ಹುಲ್ಲನ್ನ ಬೇರುಸಮೇತ ಕೊಚ್ಚಿ ಹಾಕುತ್ತೆ, ಆ ಗೀರು ಮಾಯೋಕೆ ವರ್ಷಗಟ್ಲೆ ಬೇಕು, ವಿಮಾನದಿಂದ ತೆಗೆದ ಫೋಟೋದಲ್ಲೂ ಕಾಣುತ್ತೆ. ಅದಕ್ಕೇ ಸ್ನೇಕ್ ಬೈಟ್ ಅನ್ನೋ ಭಾಗದಲ್ಲಿ 2011ರಿಂದ ಪೆಟ್ರೋಲ್ ಇಂಜಿನ್ ಹಾಕ್ಕೊಂಡು ಓಡಾಡೋ ಹಾಗಿಲ್ಲ, ಬಿಟ್ಟಿರೋ ದಾರಿಗಳನ್ನ ಬಿಟ್ರೆ ಕೋಲು ಹಾಕಿ ತಳ್ಳಬೇಕು ಇಲ್ಲಾ ಸಣ್ಣ ಎಲೆಕ್ಟ್ರಿಕ್ ಮೋಟಾರು. ಕಯಾಕಿಗೆ ಈ ತಲೆನೋವಿಲ್ಲ, ಒಂದು ಗೇಣು ನೀರಿದ್ರೆ ನಡೀತು.

ಈಗ ಗೈಡಿನ ವಿಷ್ಯ. ಒಳ್ಳೇ ಗಾಳ, ಒಳ್ಳೇ ರೀಲು ಅಂತ ದುಡ್ಡು ಸುರೀತಾರೆ ಜನ, ನನ್ ಪ್ರಕಾರ ಆ ದುಡ್ಡನ್ನ ಗೈಡಿಗೆ ಕೊಡಿ. ನಮ್ಮ ಗೈಡು ಸಾಕಷ್ಟು ವಯಸ್ಸಾದೋರು, ಮೊದಲು ಎಷ್ಟೋ ಹೊತ್ತು ಗಾಳ ಮುಟ್ಟೋಕೇ ಬಿಡ್ಲಿಲ್ಲ. ಪೋಲರೈಸ್ಡ್ ಕನ್ನಡಕ ಕೊಟ್ರು, ಅದು ಹಾಕಿದ್ರೆ ನೀರ ಮೇಲಿನ ಹೊಳಪು ಹೋಗಿ ತಳ ಕಾಣುತ್ತೆ, ಸುಮ್ನೆ ಕೂತು ನೋಡಿ ಅಂದ್ರು. ಗಾಳಿ ಇಲ್ದೇ ಇರೋ ಕಡೆ ನೀರು ಮಾತ್ರ ಸಣ್ಣಗೆ ನಡುಗ್ತಿದ್ರೆ ಕೆಳಗೆ ಮೀನಿನ ಹಿಂಡಿದೆ, ಮಲೆಟ್ ಮೀನು ದಿಕ್ಕಾಪಾಲಾಗಿ ಹಾರಿದ್ರೆ ಯಾರೋ ಅಟ್ಟಿಸ್ಕೊಂಡ್ ಬರ್ತಿದ್ದಾರೆ, ಬಾಣದ ತುದಿ ಥರ ಒಂದು ಅಲೆ ಮುಂದಕ್ಕೆ ಹೋಗ್ತಿದ್ರೆ ಅದರಡಿ ಒಂದು ದೊಡ್ಡದಿದೆ. ರೆಡ್‌ಫಿಶ್ ತಲೆ ಕೆಳಗೆ ಮಾಡಿ ಏಡಿ ಹುಡುಕುವಾಗ ಬಾಲ ನೀರಿಂದ ಮೇಲೆ ಬರುತ್ತೆ, ಬಾಲದ ಬುಡದಲ್ಲೊಂದು ಕಪ್ಪು ಚುಕ್ಕೆ. ಅದನ್ನ ನೋಡಿದ್ ತಕ್ಷಣ ಕೈ ತುರಿಸುತ್ತೆ, ಆದ್ರೆ ಅದರ ತಲೆ ಮೇಲೇ ಎಸೆದ್ರೆ ಓಡಿಹೋಗುತ್ತೆ, ನಾಲ್ಕೈದು ಅಡಿ ಆಚೆಗೆ ಎಸೆದು ನಿಧಾನ ಅದರ ಮುಂದೆ ತರಬೇಕು. ಹುಟ್ಟು ಕಯಾಕಿಗೆ ಟಕ್ ಅಂತ ತಾಗಿದ್ರೂ ಕತೆ ಮುಗೀತು.

ಸ್ನೂಕ್ ಅಂತ ಇನ್ನೊಂದು ಮೀನು, ಮೈಯುದ್ದಕ್ಕೂ ಒಂದು ಕರೀ ಗೆರೆ. ಇಳಿತದ ಹೊತ್ತಲ್ಲಿ ಸಣ್ಣ ಕಾಲುವೆಗಳಿಂದ ನೀರು ಹೊರಗೆ ಬರುವಾಗ ಇವು ಕಾಲುವೆ ಬಾಯಲ್ಲೇ ಕಾಯ್ತಿರ್ತವೆ, ನೀರೇ ಊಟ ತಂದು ಕೊಡುತ್ತೆ. ಕಿವಿರಿನ ಮುಚ್ಚಳ ಬ್ಲೇಡಿನಷ್ಟು ಚೂಪು, ಅದಕ್ಕೇ ದಾರದ ತುದಿಗೆ ಲೀಡರ್ ಅಂತ ಒಂದು ದಪ್ಪ ದಾರದ ತುಂಡು ಕಟ್ತಾರೆ. ಟಾರ್ಪನ್ ಅನ್ನೋ ದೊಡ್ಡ ಮೀನು ಬಿದ್ರಂತೂ ಕಯಾಕನ್ನೇ ಎಳ್ಕೊಂಡ್ ಹೋಗುತ್ತೆ, ಅದು ಎಗರಿದಾಗ ಗಾಳದ ಕೋಲನ್ನ ಅದರ ಕಡೆ ಬಗ್ಗಿಸಿ ದಾರ ಸಡಿಲ ಬಿಡಬೇಕು, ಇಲ್ದಿದ್ರೆ ದಾರ ಕಡಿಯುತ್ತೆ ಇಲ್ಲಾ ಕೊಕ್ಕೆ ಕಳಚುತ್ತೆ. ಈ ಮೀನು ಮೇಲೆ ಬಂದು ಗಾಳಿ ನುಂಗಿ ಉಸಿರಾಡುತ್ತೆ, ಅದಕ್ಕೇ ಆಮ್ಲಜನಕ ಕಮ್ಮಿ ಇರೋ ಬಿಸಿನೀರಲ್ಲೂ ಬದುಕೋದು.

ಇಷ್ಟೆಲ್ಲಾ ಕಷ್ಟಪಟ್ಟು ಹಿಡಿದದ್ದನ್ನ ಬಹುಪಾಲು ವಾಪಸ್ ನೀರಿಗೇ ಬಿಡ್ತಾರೆ. ಕುಂದಾಪುರದ ನಮ್ಮತ್ತೆಗೆ ಹೇಳಿದ್ರೆ, ಬಿಡೋದಾದ್ರೆ ಹಿಡಿಯೋದೆಂತಕ್ಕೆ ಅಂದ್ರು. ನ್ಯಾಯವಾದ ಪ್ರಶ್ನೇನೇ. ಸ್ನೂಕ್ ಮಾರೋದನ್ನ ಫ್ಲಾರಿಡಾದಲ್ಲಿ 1957ರಲ್ಲೇ ನಿಲ್ಲಿಸಿದ್ರು. ರೆಡ್‌ಫಿಶ್ ಕತೆ ಇನ್ನೂ ಮಜಾ, 1980ರ ದಶಕದಲ್ಲಿ ನ್ಯೂ ಆರ್ಲಿಯನ್ಸಿನ ಬಾಣಸಿಗ ಪಾಲ್ ಪ್ರುಡೋಮ್ ಮಸಾಲೆ ಹಚ್ಚಿ ಕಾದ ಕಬ್ಬಿಣದ ಬಾಣಲೆ ಮೇಲೆ ಕಪ್ಪಗೆ ಸುಟ್ಟು ಬಡಿಸಿದ್ರು, ಇಡೀ ದೇಶ ಅದಕ್ಕೇ ಬಿತ್ತು, ಬಲೆಗಳು ದಂಡಿಯಾಗಿ ಬಾಚಿದ್ವು, ಕೊನೆಗೆ ಫ್ಲಾರಿಡಾದೋರು ಅದರ ಮಾರಾಟಾನೂ ಬಂದ್ ಮಾಡಿದ್ರು. ಪಾರ್ಕಿನೊಳಗಂತೂ 1985ರ ಕೊನೆಗೇ ವ್ಯಾಪಾರದ ಮೀನುಗಾರಿಕೆ ಮುಗೀತು. 2010ರ ಜನವರಿ ಚಳಿಗೆ ಸ್ನೂಕ್ ರಾಶಿ ರಾಶಿ ಸತ್ತು ತೇಲಿದ್ವು, ಬೆಚ್ಚನೆ ನೀರಿನ ಮೀನು, ತಡ್ಕೊಳ್ಳಲ್ಲ. ಹಾಗಾಗಿ ತೀರಾ ಚಿಕ್ಕದೂ ಇಟ್ಕೊಳ್ಳೋ ಹಾಗಿಲ್ಲ, ತೀರಾ ದೊಡ್ಡದೂ ಇಟ್ಕೊಳ್ಳೋ ಹಾಗಿಲ್ಲ, ಮಧ್ಯದ ಅಳತೇದು ಮಾತ್ರ.

ಆದ್ರೂ ಅತ್ತೆ ಮಾತು ಅರ್ಧ ಸರಿ ಅಂತೀನಿ. ದವಡೆ ಹಿಡಿದು ನೇತಾಡಿಸ್ಕೊಂಡು ಬಿಸಿಲಲ್ಲಿ ಹತ್ತು ಫೋಟೋ ತೆಗೆದು ಆಮೇಲೆ ನೀರಿಗೆ ಎಸೆದ್ರೆ ಅದು ಬಿಟ್ಟ ಹಾಗಲ್ಲ. ಕೈ ಒದ್ದೆ ಮಾಡ್ಕೊಂಡು, ಮೀನು ನೀರಲ್ಲೇ ಇರೋ ಹಾಗೆ ಕೊಕ್ಕೆ ತೆಗೆದು, ಅದಾಗೇ ಬಾಲ ಬೀಸೋವರ್ಗೂ ಹಿಡ್ಕೊಂಡು ಬಿಡಬೇಕು. ತಿನ್ನಲೇಬೇಕು ಅನ್ನೋರಿಗೆ ಸೀಟ್ರೌಟ್ ಅನ್ನೋ ಮೀನಿದೆ, ನಿಯಮ ನೋಡ್ಕೊಂಡು ಒಂದೆರಡು ತನ್ನಿ, ರುಚಿಯಾಗಿರುತ್ತೆ. ಹಿಡಿದ ಮೀನನ್ನ ಹಗ್ಗಕ್ಕೆ ಪೋಣಿಸಿ ಕಯಾಕಿನ ಪಕ್ಕ ನೇತುಹಾಕೋದು ಮಾತ್ರ ಬೇಡ, ಇಲ್ಲಿ ಶಾರ್ಕ್ ಇದೆ, ಆಲಿಗೇಟರು, ಮೊಸಳೆ ಎರಡೂ ಇವೆ. ಅವೆರಡೂ ಕಾಡಲ್ಲಿ ಒಟ್ಟಿಗೆ ಇರೋದು ದಕ್ಷಿಣ ಫ್ಲಾರಿಡಾದಲ್ಲಿ ಮಾತ್ರ. ಕಯಾಕಿಂದ ಇಳಿದು ನಡೀಬೇಕಾದ್ರೆ ಕಾಲೆತ್ತಿ ಇಡದೆ ಎಳೆದೆಳೆದು ನಡೀರಿ, ಮರಳಲ್ಲಿ ಹೂತ್ಕೊಂಡಿರೋ ತೊರಕೆ ಸರಿದು ಹೋಗುತ್ತೆ.

ಲೈಫ್ ಜಾಕೆಟ್ ಬಿಚ್ಚಬೇಡಿ, ನೀರು ಮೊಣಕಾಲಿಗೇ ಇದ್ರೂ ತಳದ ಕೆಸರಲ್ಲಿ ತೊಡೆವರೆಗೆ ಹೂತು ಹೋಗೋ ಜಾಗಗಳಿವೆ. ಬೆಳಿಗ್ಗೆ ಗಾಳಿಗೆ ಎದುರಾಗಿ ಹೋಗಿ, ಸುಸ್ತಾದ್ಮೇಲೆ ಗಾಳೀನೇ ವಾಪಸ್ ತಳ್ಳುತ್ತೆ. ಬೇಸಿಗೇಲಿ ಮಧ್ಯಾಹ್ನ ಸಿಡಿಲು ಜಾಸ್ತಿ, ಬಯಲು ನೀರಲ್ಲಿ ಎತ್ತರಕ್ಕಿರೋದು ನೀವು ಹಿಡಿದ ಗಾಳದ ಕೋಲೊಂದೇ, ಅಷ್ಟರೊಳಗೆ ದಡದಲ್ಲಿರಿ. ಮತ್ತೆ ಸೊಳ್ಳೆ. ಮಳೆಗಾಲದಲ್ಲಿ ಫ್ಲೆಮಿಂಗೋದಲ್ಲಿ ಸೊಳ್ಳೆ ಎಷ್ಟು ಅಂದ್ರೆ, ಕಾರಿನ ಬಾಗಿಲು ತೆಗೆಯೋಕೂ ಮನಸ್ಸು ಬರಲ್ಲ. ಡಿಸೆಂಬರಿಂದ ಏಪ್ರಿಲ್ ಒಳಗೆ ಹೋಗೋ ಹಾಗೆ ನೋಡ್ಕೊಳ್ಳಿ, ಟಿಕೆಟ್ ಮಾಡೋಕೆ ಮುಂಚೆ ಗೈಡಿಗೆ ಫೋನ್ ಮಾಡಿ ಆ ವಾರ ಇಳಿತ ಎಷ್ಟು ಗಂಟೆಗೆ ಅಂತ ಕೇಳಿ. ನಮಸ್ಕಾರ.