ಪ್ರಶ್ನೆ ಕೇಳಿದ ಮೇಲಿನ ಮೂರು ಸೆಕೆಂಡು

ಆಕಾಶವಾಣಿಯ ಎಲ್ಲ ಕೇಳುಗರಿಗೆ ನಮಸ್ಕಾರ.

ವಿಜಯಪುರದ ಬಿ.ಎಡ್. ಕಾಲೇಜೊಂದರಲ್ಲಿ ನಾನು ವಿಜ್ಞಾನ ಬೋಧನೆಯ ವಿಷಯವನ್ನು ಕಲಿಸುತ್ತೇನೆ. ಹೊಸ ತಂಡ ಬಂದ ಮೊದಲ ದಿನ ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಟ್ಟು, ಹೆಸರು ಹಾಕದೆ, ‘ಇಲ್ಲಿಗೆ ಏಕೆ ಬಂದಿರಿ’ ಎಂದು ಬರೆಯಿಸುವುದು ನನ್ನ ರೂಢಿ. ಸಂಜೆ ಮನೆಗೆ ಹೋಗಿ ಆ ಚೀಟಿಗಳನ್ನು ಬಿಡಿಸಿ ಓದುತ್ತೇನೆ. ‘ಅಪ್ಪ ಸೇರಿಸಿದರು.’ ‘ಬಿ.ಎಸ್ಸಿ. ಮುಗಿದ ಮೇಲೆ ಮುಂದೇನು ಎಂದು ತೋಚಲಿಲ್ಲ.’ ‘ಸರಕಾರಿ ನೌಕರಿ.’ ‘ಮನೆಯಲ್ಲಿ ಮದುವೆಯ ಮಾತು ನಡೆದಿತ್ತು, ಎರಡು ವರ್ಷ ಸಿಕ್ಕಿತು.’ ಎಲ್ಲೋ ಒಂದೆರಡು ಚೀಟಿಗಳಲ್ಲಿ, ತಮಗೆ ಕಲಿಸಿದ ಗುರುಗಳ ಹಾಗೆ ಆಗಬೇಕು ಎಂದು ಬರೆದಿರುತ್ತಾರೆ.

ಮೊದಮೊದಲು ಇವನ್ನು ಓದಿ ನನಗೆ ಬೇಸರವಾಗುತ್ತಿತ್ತು. ಮರುದಿನ ತರಗತಿಯಲ್ಲಿ ಶಿಕ್ಷಕ ವೃತ್ತಿಯ ಹಿರಿಮೆಯನ್ನು ಕುರಿತು ಉದ್ದನೆಯ ಉಪದೇಶ ಮಾಡುತ್ತಿದ್ದೆ. ಈಗ ಮಾಡುವುದಿಲ್ಲ. ಅವರ ಕಷ್ಟ ನನಗೆ ಗೊತ್ತು. 2015ರಿಂದ ಬಿ.ಎಡ್. ಎರಡು ವರ್ಷದ ಕೋರ್ಸು. ಅದು ಮುಗಿದರೂ ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿ.ಇ.ಟಿ. ಇದೆ, 150 ಅಂಕಗಳಲ್ಲಿ ಸಾಮಾನ್ಯ ವರ್ಗದವರು 90 ಅಂಕ ಪಡೆಯಬೇಕು. ಅದಾದ ಮೇಲೆ ನೇಮಕಾತಿಗೆ ಕಾಯಬೇಕು. ಗ್ರಂಥಾಲಯದಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳ ಮುಂದೆ ತೆರೆದಿರುವ ಪುಸ್ತಕ ಹೆಚ್ಚಾಗಿ ಪರೀಕ್ಷೆಯ ಮಾರ್ಗದರ್ಶಿಯೇ ಆಗಿರುವುದು ಇದಕ್ಕಾಗಿ. ನೌಕರಿಯ ಚಿಂತೆ ಹೊತ್ತವರಿಗೆ ಮನೋಭಾವ ಬದಲಾಯಿಸಿಕೊಳ್ಳಿ ಎಂದು ಹೇಳುವುದರಿಂದ ಏನೂ ಆಗುವುದಿಲ್ಲ. ಅದು ಬದಲಾಗುವ ಜಾಗವೇ ಬೇರೆ. ಇಂದು ನಾನು ಹೇಳಬೇಕೆಂದಿರುವುದು ಆ ಜಾಗದ ಬಗ್ಗೆ.

ಶಾಲೆಗೆ ಹೋಗುವ ಮೊದಲು ಇವರಿಗೆ ಸೂಕ್ಷ್ಮ ಬೋಧನೆ ಇರುತ್ತದೆ. 1963ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತು ಅವರ ಸಂಗಡಿಗರು ರೂಪಿಸಿದ ಪದ್ಧತಿ ಇದು. ನಮ್ಮಲ್ಲಿ ಒಂದು ಸುತ್ತಿಗೆ ಮೂವತ್ತಾರು ನಿಮಿಷ: ಆರು ನಿಮಿಷ ಪಾಠ, ಆರು ನಿಮಿಷ ಹಿಮ್ಮಾಹಿತಿ, ಹನ್ನೆರಡು ನಿಮಿಷ ಮರುಯೋಜನೆ, ಮತ್ತೆ ಪಾಠ, ಮತ್ತೆ ಹಿಮ್ಮಾಹಿತಿ. ಪ್ರಶ್ನಿಸುವ ಕೌಶಲ, ವಿವರಿಸುವ ಕೌಶಲ, ಕಪ್ಪು ಹಲಗೆ ಬಳಸುವ ಕೌಶಲ, ಹೀಗೆ ಒಂದೊಂದನ್ನೇ ಬಿಡಿಸಿ ಅಭ್ಯಾಸ ಮಾಡಿಸುತ್ತೇವೆ. ಒಳ್ಳೆಯ ಪದ್ಧತಿಯೇ. ಆದರೆ ಅಲ್ಲಿ ವಿದ್ಯಾರ್ಥಿಗಳಾಗಿ ಕೂರುವವರು ಸಹಪಾಠಿಗಳು. ಗೆಳತಿ ಹಲಗೆಯ ಮುಂದೆ ನಿಂತು ನಡುಗುತ್ತಿರುವಾಗ, ಅವಳು ಪ್ರಶ್ನೆ ಕೇಳಿ ಮುಗಿಸುವುದರೊಳಗೆ ಇವರು ಉತ್ತರ ಕೊಟ್ಟುಬಿಡುತ್ತಾರೆ. ಅದು ಪ್ರೀತಿ. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಬಾರದೆ ತರಗತಿ ಸುಮ್ಮನಾದರೆ ಏನು ಮಾಡಬೇಕು ಎಂಬುದು ಅಲ್ಲಿ ಯಾರ ಅನುಭವಕ್ಕೂ ಬರುವುದಿಲ್ಲ.

ಪಾಠ ಯೋಜನೆಯೂ ಹಾಗೆಯೇ. ಕೆಂಪು, ಹಸಿರು ಶಾಯಿಯಲ್ಲಿ ಗೆರೆ ಎಳೆದು, ರಾತ್ರಿ ಹನ್ನೊಂದರವರೆಗೆ ಕುಳಿತು ಬರೆಯುತ್ತಾರೆ. ಒಂದು ಅಂಕಣದಲ್ಲಿ ಶಿಕ್ಷಕರ ಚಟುವಟಿಕೆ, ಪಕ್ಕದ ಅಂಕಣದಲ್ಲಿ ವಿದ್ಯಾರ್ಥಿಗಳ ಚಟುವಟಿಕೆ. ಆ ಪಕ್ಕದ ಅಂಕಣವನ್ನು ನಾನು ವರ್ಷಗಟ್ಟಲೆ ಓದಿದ್ದೇನೆ, ಸಹಿ ಹಾಕಿದ್ದೇನೆ. ಪ್ರತಿ ಪ್ರಶ್ನೆಯ ಎದುರಿಗೆ ‘ವಿದ್ಯಾರ್ಥಿಗಳು ಉತ್ತರಿಸುತ್ತಾರೆ’ ಎಂದೇ ಇರುತ್ತದೆ. ಯಾವ ಯೋಜನೆಯಲ್ಲಿಯೂ ವಿದ್ಯಾರ್ಥಿಗಳು ಸುಮ್ಮನೆ ಕೂರುವುದಿಲ್ಲ, ತಪ್ಪು ಹೇಳುವುದಿಲ್ಲ, ಅರ್ಧ ಹೇಳಿ ನಿಲ್ಲಿಸುವುದಿಲ್ಲ.

ಕೆಲವು ವರ್ಷಗಳ ಹಿಂದೆ, ಎರಡನೆಯ ವರ್ಷದ ಹದಿನಾರು ವಾರಗಳ ಶಾಲಾ ಇಂಟರ್ನ್‌ಶಿಪ್ ನಡೆದಿತ್ತು. ನಮ್ಮ ಒಬ್ಬ ಹುಡುಗಿಯ ಪಾಠ ನೋಡಲು ತಿಕೋಟಾ ಕಡೆಯ ಒಂದು ಪ್ರೌಢಶಾಲೆಗೆ ಹೋಗಿದ್ದೆ. ಒಂಬತ್ತನೆಯ ತರಗತಿ, ಆವಿಯಾಗುವಿಕೆಯ ಪಾಠ. ಬಿಸಿಯೂಟ ಮುಗಿದ ಮೇಲಿನ ಅವಧಿ. ಒದ್ದೆ ಕರವಸ್ತ್ರವೊಂದನ್ನು ಕಿಟಕಿಯ ಸರಳಿಗೆ ಕಟ್ಟಿದ್ದಳು, ಅಷ್ಟರಲ್ಲಿ ಅದು ಅರ್ಧ ಆರಿತ್ತು. ‘ಈ ಬಟ್ಟೆಯಲ್ಲಿದ್ದ ನೀರು ಎಲ್ಲಿಗೆ ಹೋಯಿತು?’ ಎಂದು ಕೇಳಿದಳು. ಚೆಂದದ ಪ್ರಶ್ನೆ. ನಾನು ಕೊನೆಯ ಬೆಂಚಿನಲ್ಲಿ ಕುಳಿತಿದ್ದೆ. ನನ್ನ ಪಕ್ಕದ ಹುಡುಗನ ಕೈ ಮೊಣಕೈವರೆಗೆ ಮೇಲೆದ್ದಿತು. ಅಷ್ಟರಲ್ಲಿ ಅವಳೇ, ‘ಆವಿಯಾಗಿ ಗಾಳಿಗೆ ಸೇರಿತು, ಅಲ್ಲವೇ ಮಕ್ಕಳೇ?’ ಎಂದಳು. ‘ಹೌದು ಟೀಚರ್’ ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಹುಡುಗನ ಕೈ ಕೆಳಗಿಳಿಯಿತು. ಅವಧಿ ಮುಗಿಯುವವರೆಗೂ ಅದು ಮತ್ತೆ ಏಳಲಿಲ್ಲ.

ಪಾಠ ಮುಗಿದ ಮೇಲೆ ಅವಳ ಮುಖದಲ್ಲಿ ಸಮಾಧಾನವಿತ್ತು. ‘ಮೇಡಂ, ಯೋಜನೆಯಲ್ಲಿದ್ದದ್ದೆಲ್ಲ ಮುಗಿಯಿತು’ ಎಂದಳು. ಅವಳು ತನ್ನ ಪಾಠವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡಿದ್ದಳು. ಶಾಲೆಯ ಅಂಗಳದ ಬೇವಿನ ಮರದ ಕೆಳಗೆ ಕುಳಿತು ಇಬ್ಬರೂ ಕೇಳಿದೆವು. ಮೊದಲ ಹತ್ತು ನಿಮಿಷದಲ್ಲಿ ಇಪ್ಪತ್ತೊಂದು ಪ್ರಶ್ನೆ ಕೇಳಿದ್ದಳು. ಅವುಗಳಲ್ಲಿ ಹದಿನೇಳಕ್ಕೆ ಅವಳದೇ ಉತ್ತರ. ಒಂದು ಕಡೆ ಅವಳು ಹಿಂದಕ್ಕೆ ಸರಿಸಿ ಮತ್ತೆ ಮತ್ತೆ ಕೇಳಿದಳು. ಕೊನೆಗೆ, ‘ಮೇಡಂ, ಇಲ್ಲಿ ನಾನು ಉಸಿರನ್ನೂ ಬಿಟ್ಟಿಲ್ಲ’ ಎಂದಳು.

ತರಗತಿಯ ಮೌನ ಹೊಸ ಶಿಕ್ಷಕರಿಗೆ ಬಹಳ ಉದ್ದವಾಗಿ ಕಾಣುತ್ತದೆ. ಉತ್ತರ ಬರಲಿಲ್ಲ ಎಂದರೆ ತನಗೆ ಪಾಠ ಮಾಡಲು ಬರುವುದಿಲ್ಲ ಎಂದೇ ಅರ್ಥ ಎಂದುಕೊಳ್ಳುತ್ತಾರೆ. ಹಿಂದಿನ ಬೆಂಚಿನಲ್ಲಿ ವೀಕ್ಷಣಾ ಪತ್ರ ಹಿಡಿದು ಕುಳಿತ ನನ್ನಂಥವರ ಹೆದರಿಕೆಯೂ ಜೊತೆಗಿರುತ್ತದೆ. ಈ ಹೆದರಿಕೆಗೆ ನಾನೇ ಕಾರಣಳಾಗಿದ್ದೇನೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಹತ್ತು ವರ್ಷ ನಾನು ಕೆಂಪು ಶಾಯಿಯಲ್ಲಿ ‘ತರಗತಿ ನಿಷ್ಕ್ರಿಯ, ಪ್ರಶ್ನೆಗಳಿಗೆ ಪ್ರತಿಕ್ರಿಯೆ ಇಲ್ಲ’ ಎಂದು ಬರೆದು ಅಂಕ ಕಡಿಮೆ ಮಾಡಿದ್ದೇನೆ. ಮಕ್ಕಳು ಯೋಚಿಸುತ್ತಿದ್ದರೋ, ನಿದ್ದೆಗಣ್ಣಿನಲ್ಲಿದ್ದರೋ ಎಂದು ಅವರ ಮುಖ ನೋಡಿ ಬರೆದವಳಲ್ಲ.

ಮೇರಿ ಬಡ್ ರೋ ಎಂಬ ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ ಇದನ್ನೇ ಅಳೆದು ನೋಡಿದರು. ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಎಷ್ಟು ಹೊತ್ತು ಕಾಯುತ್ತಾರೆ ಎಂದು ಲೆಕ್ಕ ಹಾಕಿದರು. 1974ರಲ್ಲಿ ಅವರು ಪ್ರಕಟಿಸಿದ ಬರಹಗಳಲ್ಲಿ ಆ ಲೆಕ್ಕ ಸಿಗುತ್ತದೆ: ಸರಾಸರಿ ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಉತ್ತರವೇ ಬಾರದಿರುವುದು ಕಡಿಮೆಯಾಯಿತು, ದಡ್ಡರೆಂದು ಶಿಕ್ಷಕರು ಬದಿಗಿಟ್ಟಿದ್ದ ಮಕ್ಕಳೂ ಬಾಯಿ ಬಿಟ್ಟರು. ಅವರು ಇನ್ನೊಂದು ಮಾತು ಹೇಳಿದರು, ನನಗೆ ಅದೇ ಹೆಚ್ಚು ಮುಖ್ಯ. ಕಾಯಬೇಕಾದ ಜಾಗ ಎರಡು. ಪ್ರಶ್ನೆ ಕೇಳಿದ ಮೇಲೆ ಒಮ್ಮೆ; ಮಗು ಒಂದು ಮಾತು ಹೇಳಿ ನಿಲ್ಲಿಸಿದ ಮೇಲೆ ಇನ್ನೊಮ್ಮೆ. ನಾವು ಮೊದಲನೆಯದನ್ನು ಹೇಗೋ ಕಲಿಯುತ್ತೇವೆ. ಎರಡನೆಯ ಕಡೆ ‘ಸರಿ, ಕೂತುಕೋ’ ಎನ್ನುವ ಆತುರ ತಡೆಯಲಾಗುವುದಿಲ್ಲ.

ನಮ್ಮ ಜಿಲ್ಲೆಗಳಲ್ಲಿ ಈ ಮೂರು ಸೆಕೆಂಡಿನ ಬೆಲೆ ಇನ್ನೂ ಹೆಚ್ಚು ಎಂದು ನನಗೆ ಮನವರಿಕೆ ಮಾಡಿಕೊಟ್ಟವಳು ನನ್ನದೇ ತರಗತಿಯ ಒಬ್ಬ ವಿದ್ಯಾರ್ಥಿನಿ. ತಾಂಡಾದಿಂದ ಬಂದವಳು. ಪದವಿಯ ಮೂರು ವರ್ಷವೂ ಒಂದೇ ಒಂದು ಸಲ ತರಗತಿಯಲ್ಲಿ ಮಾತನಾಡಲಿಲ್ಲವಂತೆ. ಒಂದು ದಿನ ನಾನು ಒಂದು ಪ್ರಶ್ನೆ ಕೇಳಿ, ಸುಮ್ಮನೆ ನಿಂತೆ. ಫ್ಯಾನಿನ ಸದ್ದು ಮಾತ್ರ ಇತ್ತು. ಎಲ್ಲರೂ ನೋಟುಬುಕ್ಕಿನ ಕಡೆ ಕಣ್ಣು ಇಳಿಸಿದರು. ಹದಿನೈದು ವರ್ಷ ಬೆಂಚಿನ ಮೇಲೆ ಕುಳಿತು ಕಲಿತ ವಿದ್ಯೆ ಅದು, ಕಣ್ಣು ತಪ್ಪಿಸಿದರೆ ಪ್ರಶ್ನೆ ಮುಂದಕ್ಕೆ ಹೋಗುತ್ತದೆ. ಅವಳು ಎದ್ದು ನಿಧಾನವಾಗಿ, ಸರಿಯಾಗಿ ಉತ್ತರ ಹೇಳಿದಳು. ಆಮೇಲೆ ಹೊರಗೆ ಸಿಕ್ಕಾಗ, ‘ಮೇಡಂ, ನಾನು ಮೊದಲು ಲಂಬಾಣಿಯಲ್ಲಿ ಯೋಚಿಸುತ್ತೇನೆ, ಆಮೇಲೆ ಕನ್ನಡದಲ್ಲಿ ಜೋಡಿಸಿಕೊಳ್ಳುತ್ತೇನೆ. ಅಷ್ಟು ಹೊತ್ತಿಗೆ ಬೇರೆಯವರು ಹೇಳಿ ಮುಗಿಸಿರುತ್ತಾರೆ’ ಎಂದಳು. ಬೆಳಗಾವಿಯ ಗಡಿಯ ಮರಾಠಿ ಮನೆಯ ಮಗು, ಉರ್ದು ಮನೆಯ ಮಗು, ಗುಳೆ ಹೋದ ತಂದೆತಾಯಿಯ ಜೊತೆ ಗೋವಾದಲ್ಲಿ ಅರ್ಧ ವರ್ಷ ಕಳೆದು ಬಂದು ಪಾಠದ ಎಳೆ ಹುಡುಕುತ್ತಿರುವ ಮಗು, ಎಲ್ಲರೂ ನಮ್ಮ ತರಗತಿಗಳಲ್ಲಿ ಹೀಗೆಯೇ ಒಂದು ಹೆಜ್ಜೆ ಹಿಂದೆ ಉಳಿಯುತ್ತಾರೆ. ಅವರಿಗೆ ಬುದ್ಧಿ ಕಡಿಮೆಯಿಲ್ಲ. ನಾವು ಕೊಡುವ ಸಮಯ ಕಡಿಮೆ.

ತಿಕೋಟಾ ಕಡೆಯ ಆ ಶಾಲೆಗೆ ನಾಲ್ಕು ದಿನ ಬಿಟ್ಟು ಮತ್ತೆ ಹೋದೆ. ಅದೇ ತರಗತಿ, ಅದೇ ಪಾಠದ ಮುಂದಿನ ಭಾಗ. ಆ ದಿನ ಅವಳು ಚಾರ್ಟ್ ತಂದಿರಲಿಲ್ಲ. ಒಂದು ಸ್ಟೀಲ್ ತಟ್ಟೆಯಲ್ಲಿ ಒಂದು ಹಿಡಿ ಒಣದ್ರಾಕ್ಷಿ ತಂದಿದ್ದಳು. ಸುತ್ತಮುತ್ತಲಿನ ಹೊಲಗಳೆಲ್ಲ ದ್ರಾಕ್ಷಿ ತೋಟಗಳೇ; ಅದು ಹೊಳೆದದ್ದು ಅವಳಿಗೇ, ನಾನು ಹೇಳಿದ್ದಲ್ಲ. ‘ಇದು ಹಸಿ ದ್ರಾಕ್ಷಿಯಾಗಿತ್ತು. ಚೆನ್ನಾಗಿ ಒಣಗಬೇಕಾದರೆ ಎಲ್ಲಿ, ಹೇಗೆ ಇಡಬೇಕು?’ ಎಂದು ಕೇಳಿ ಬಾಯಿ ಮುಚ್ಚಿಕೊಂಡಳು. ಸೆರಗಿನ ಮರೆಯಲ್ಲಿ ಅವಳ ಹೆಬ್ಬೆರಳು ಬೆರಳಿನ ಗೆಣ್ಣುಗಳ ಮೇಲೆ ಒಂದೊಂದಾಗಿ ಸರಿಯುತ್ತಿರುವುದು ಕಾಣಿಸಿತು. ಎಣಿಸುತ್ತಿದ್ದಳು.

ಮುಂದಿನ ಸಾಲಿನ ಹುಡುಗಿ, ‘ಬಿಸಿಲಿನಲ್ಲಿ’ ಎಂದಳು. ಪಾಠ ಯೋಜನೆಯಲ್ಲಿ ಇದ್ದದ್ದೂ ಅದೇ. ಆದರೆ ಇವಳು ‘ಸರಿ’ ಎನ್ನಲಿಲ್ಲ. ಹೆಬ್ಬೆರಳು ಮತ್ತೆ ಸರಿಯತೊಡಗಿತು. ಆಗ ನನ್ನ ಪಕ್ಕದ ಆ ಹುಡುಗ ಕೂತಲ್ಲಿಂದಲೇ, ‘ಬಿಸಿಲಿಗೆ ಹಾಕಬಾರದು ಟೀಚರ್’ ಎಂದು ನಿಲ್ಲಿಸಿದ. ತರಗತಿಯೆಲ್ಲ ಹಿಂದಕ್ಕೆ ತಿರುಗಿತು. ಅವಳು ಆಗಲೂ ಕಾದಳು. ಅವನು ಎದ್ದು ನಿಂತ. ಅವನ ಮಾತು ನಮ್ಮ ಕಡೆಯ ಹಳ್ಳಿಯ ಮಾತು, ನಾನಿಲ್ಲಿ ಬರಹದ ಕನ್ನಡದಲ್ಲಿ ಹೇಳುತ್ತಿದ್ದೇನೆ: ‘ಬಿಸಿಲಿಗೆ ಹಾಕಿದರೆ ಬಣ್ಣ ಕೆಡುತ್ತದೆ. ನೆರಳಿನ ಶೆಡ್ಡಿನಲ್ಲಿ ಬಲೆಯ ಮೇಲೆ ಹರಡುತ್ತಾರೆ. ರಾಶಿ ಹಾಕಬಾರದು, ತೆಳ್ಳಗೆ ಹರಡಬೇಕು. ಶೆಡ್ಡಿನೊಳಗೆ ಗಾಳಿ ಆಡಬೇಕು. ಮೋಡ ಕವಿದು ತೇವ ಬಂದರೆ ಒಣಗುವುದಿಲ್ಲ. ಸೆಕೆ ಹೆಚ್ಚಿದ್ದರೆ ಬೇಗ ಆಗುತ್ತದೆ.’

ಪಠ್ಯಪುಸ್ತಕ ಆವಿಯಾಗುವಿಕೆಗೆ ನಾಲ್ಕು ಅಂಶಗಳನ್ನು ಹೇಳುತ್ತದೆ: ಮೇಲ್ಮೈ ವಿಸ್ತೀರ್ಣ, ತಾಪ, ತೇವಾಂಶ, ಗಾಳಿಯ ವೇಗ. ಹುಡುಗ ನಾಲ್ಕನ್ನೂ ಹೇಳಿದ್ದ, ಆ ಪದಗಳಲ್ಲಿ ಒಂದನ್ನೂ ಬಳಸದೆ. ಹಂಗಾಮಿನಲ್ಲಿ ಅವನ ತಾಯಿ ಶೆಡ್ಡಿಗೆ ಕೂಲಿಗೆ ಹೋಗುತ್ತಾಳೆ, ರಜೆಯ ದಿನ ಇವನೂ ಜೊತೆಗೆ ಹೋಗುತ್ತಾನೆ ಎಂದು ಆಮೇಲೆ ತಿಳಿಯಿತು. ಅವಳು ಹಲಗೆಯ ಕಡೆ ತಿರುಗಿ ಅವನ ಮಾತುಗಳನ್ನೇ ಬರೆದಳು: ತೆಳ್ಳಗೆ ಹರಡಬೇಕು, ಗಾಳಿ ಆಡಬೇಕು. ಪ್ರತಿಯೊಂದರ ಎದುರಿಗೆ ಪುಸ್ತಕದ ಪದ ಯಾವುದು ಎಂದು ಉಳಿದವರನ್ನು ಕೇಳಿದಳು. ಆ ಹೊತ್ತು ನನ್ನ ಕೈಯಲ್ಲಿದ್ದ ವೀಕ್ಷಣಾ ಪತ್ರದಲ್ಲಿ ಏನನ್ನೂ ಬರೆಯಲು ನನಗೆ ಮನಸ್ಸಾಗಲಿಲ್ಲ.

ಅವಳ ಮನೋಭಾವ ಅಂದಿನಿಂದ ಪೂರ್ತಿ ಬದಲಾಯಿತು ಎಂದು ನಾನು ಹೇಳುವುದಿಲ್ಲ. ಟಿ.ಇ.ಟಿ. ಪುಸ್ತಕ ಅವಳ ಚೀಲದಲ್ಲಿಯೇ ಇತ್ತು, ಬ್ಯಾಂಕ್ ಪರೀಕ್ಷೆಗೂ ಅರ್ಜಿ ಹಾಕಿದ್ದಳು. ಆದರೆ ಆ ದಿನ ಬಸ್ ನಿಲ್ದಾಣದವರೆಗೆ ನಡೆಯುವಾಗ ಅವಳು ಮಾತನಾಡಿದ್ದು ಆ ಹುಡುಗನ ಬಗ್ಗೆ ಮಾತ್ರ. ಪಾಠದ ಕೊನೆಗೆ ಅವನು ಅವಳನ್ನು ಒಂದು ಪ್ರಶ್ನೆ ಕೇಳಿದ್ದ: ‘ಹರಡುವ ಮೊದಲು ದ್ರಾಕ್ಷಿಯನ್ನು ಔಷಧದ ನೀರಿನಲ್ಲಿ ಅದ್ದುತ್ತಾರಲ್ಲ, ಏಕೆ ಟೀಚರ್?’ ಅವಳು ಒಂದು ಕ್ಷಣ ನನ್ನ ಕಡೆ ನೋಡಿ, ‘ನನಗೆ ಗೊತ್ತಿಲ್ಲ, ತಿಳಿದುಕೊಂಡು ಬರುತ್ತೇನೆ’ ಎಂದಿದ್ದಳು. ಪ್ರಶಿಕ್ಷಣಾರ್ಥಿಯೊಬ್ಬಳು ವೀಕ್ಷಕರ ಎದುರಿಗೆ ಆ ಮಾತು ಹೇಳಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ನನಗೂ ಗೊತ್ತಿರಲಿಲ್ಲ. ಆ ಸಂಜೆ ಪರಿಚಯದ ದ್ರಾಕ್ಷಿ ಬೆಳೆಗಾರರೊಬ್ಬರಿಗೆ ಫೋನ್ ಮಾಡಿ, ಆಮೇಲೆ ಪುಸ್ತಕವನ್ನೂ ನೋಡಿ ತಿಳಿದುಕೊಂಡೆವು. ದ್ರಾಕ್ಷಿಯ ಸಿಪ್ಪೆಯ ಮೇಲೆ ಮೇಣದ ತೆಳು ಪದರವಿರುತ್ತದೆ. ಒಳಗಿನ ನೀರು ಹೊರಗೆ ಹೋಗದಂತೆ ಅದು ತಡೆಯುತ್ತದೆ. ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿದಾಗ ಆ ತಡೆ ಸಡಿಲವಾಗುತ್ತದೆ, ಹಣ್ಣು ಬೇಗ ಒಣಗುತ್ತದೆ.

ಮರುದಿನ ಬೆಳಗ್ಗೆ ಅವಳು ಒಂದು ಗೊಂಚಲು ಹಸಿ ದ್ರಾಕ್ಷಿಯನ್ನು ತರಗತಿಗೆ ಒಯ್ದಳಂತೆ. ಒಂದು ಹಣ್ಣನ್ನು ಹೆಬ್ಬೆರಳಿನಿಂದ ಒರೆಸಿ, ಒರೆಸಿದ ಕಡೆ ಹೊಳಪು, ಒರೆಸದ ಕಡೆ ಬೂದಿಯಂಥ ಮಬ್ಬು ತೋರಿಸಿ, ‘ಈ ಮಬ್ಬು ಏನಿರಬಹುದು?’ ಎಂದು ಕೇಳಿದಳಂತೆ. ಉತ್ತರ ಅವಳಿಗೆ ಗೊತ್ತಿತ್ತು. ಹೇಳದೆ ನಿಂತಿದ್ದಳು.

ನಮಸ್ಕಾರ.